ಮನೆಯಲ್ಲಿ ಡ್ರೈ ಐಸ್ ಉಳಿದ್ರೆ ಎಂತ ಮಾಡುವುದು?

ಮೊನ್ನೆ ಕಾಸರಗೋಡಿನ ಬದಿಯಡ್ಕ ಹತ್ರ ನಮ್ಮ ಸಂಬಂಧಿಕರ ಮನೆ ಒಕ್ಕಲು. ಊಟ ಆಗಿ ಐಸ್‌ಕ್ರೀಮ್ ಖಾಲಿ ಆದ ಮೇಲೆ ಥರ್ಮಾಕೋಲ್ ಪೆಟ್ಟಿಗೆಯ ಅಡಿಯಲ್ಲಿ ಪೇಪರ್ ಸುತ್ತಿದ ಎರಡು ಬಿಳಿ ಗಟ್ಟಿ ಉಳಿದಿತ್ತು, ಅಡುಗೆ ಸಹಾಯಕ್ಕೆ ಬಂದ ಅಕ್ಕ ಒಬ್ರು ಸಿಂಕಿಗೆ ಹಾಕ್ತೇನೆ ಅಂತ ಬರಿಗೈಲಿ ಎತ್ತಿದ್ದೂ ಆಯ್ತು, ಅಯ್ಯಮ್ಮಾ ಅಂತ ಬಿಟ್ಟದ್ದೂ ಆಯ್ತು. ಬೆರಳ ತುದಿ ಬೆಳ್ಳಗೆ, ಬೆಂಕಿ ಮುಟ್ಟಿದ ಹಾಗೆ ಉರಿ.

ಅದು ನೀರಿನ ಐಸ್ ಅಲ್ಲ ಮಾರಾಯ್ರೇ, ಗಟ್ಟಿ ಮಾಡಿದ ಕಾರ್ಬನ್ ಡೈಆಕ್ಸೈಡ್. ಮೈನಸ್ 78 ಡಿಗ್ರಿ. ನೀರಾಗುವುದೇ ಇಲ್ಲ, ಸೀದಾ ಗ್ಯಾಸ್ ಆಗ್ತದೆ, 1 ಕಿಲೋದಿಂದ 500 ಲೀಟರಿಗಿಂತ ಜಾಸ್ತಿ. 2 ಕಿಲೋ ತುಂಡು ಅಂದ್ರೆ ಟೆರೇಸಿನ 1000 ಲೀಟರ್ ಟ್ಯಾಂಕ್ ತುಂಬುವಷ್ಟು ಗ್ಯಾಸ್!

ಮೊದಲು ಕೈಗೆ ದಪ್ಪ ಗ್ಲೌಸ್ ಹಾಕಿ, ಇಲ್ಲದಿದ್ರೆ ಇಕ್ಕುಳದಲ್ಲಿ ಹಿಡೀರಿ. ಪಾತ್ರೆ ತೊಳೆಯುವ ತೆಳು ರಬ್ಬರ್ ಗ್ಲೌಸ್ ಸಾಲದು.

ಆಮೇಲೆ ಪೆಟ್ಟಿಗೆ ಸಮೇತ ಹೊರಗೆ ತನ್ನಿ. ಗಾಳಿ ಆಡುವ ಕಡೆ, ಮಕ್ಕಳು ನಾಯಿ ಬಾರದ ಕಡೆ, ಮುಚ್ಚಳ ತೆಗೆದು ಇಟ್ಟುಬಿಡಿ, ಅಷ್ಟೇ ಕೆಲಸ. ಮರುದಿನಕ್ಕೆ ಹೆಚ್ಚಾಗಿ ಖಾಲಿ. ಬೇಗ ಆಗ್ಬೇಕಾದ್ರೆ ಹಳೇ ಗೋಣಿ ಮೇಲೆ ತುಂಡುಗಳನ್ನು ಹರಡಿ ಇಡಿ, ಹೊಸ ಟೈಲ್ಸ್ ಮೇಲೆ ಮಾತ್ರ ಬೇಡ, ಚಳಿಗೆ ಬಿರುಕು ಬಿಡ್ತದೆ. ಸಿಂಕ್, ಟಾಯ್ಲೆಟ್‌ಗೆ ಹಾಕಿದ್ರೂ ಅದೇ ಕಥೆ, ಪೈಪ್ ಒಡೆದ್ರೆ ಪ್ಲಂಬರ್ ಸಿಗ್ಲಿಕ್ಕೆ ಎಷ್ಟು ದಿನ ಬೇಕು ಅಂತ ನಿಮಗೇ ಗೊತ್ತುಂಟು.

ಬಾಟ್ಲಿ, ಟಿಫಿನ್ ಡಬ್ಬಿ, ಫ್ಲಾಸ್ಕ್ ಒಳಗೆ ಹಾಕಿ ಮುಚ್ಚಿದ್ರೆ ಗ್ಯಾಸ್ ತುಂಬಿ ಸಿಡೀತದೆ, ಆಟಕ್ಕೂ ಮಾಡ್ಬೇಡಿ. ನೀರು ಹಾಕಿ ಹೊಗೆ ಬರಿಸಿ ಮಕ್ಕಳಿಗೆ ತೋರಿಸ್ಬೇಕಾ, ಅಂಗಳದಲ್ಲೇ ಮಾಡಿ, ಆ ಹೊಗೆಗೆ ಮುಖ ಇಡ್ಲಿಕ್ಕೆ ಬಿಡ್ಬೇಡಿ. ತುಂಡು ಬಾಯಿಗಂತೂ ಬೇಡವೇ ಬೇಡ. 2024ರಲ್ಲಿ ಗುರುಗ್ರಾಮದ ಒಂದು ಹೋಟೆಲಲ್ಲಿ ಮೌತ್ ಫ್ರೆಶ್ನರ್ ಅಂತ ಡ್ರೈ ಐಸ್ ಕೊಟ್ಟು, ತಿಂದವರು ರಕ್ತ ಕಾರಿದ್ದು ಪೇಪರಲ್ಲಿ ಬಂದಿತ್ತಲ್ಲ.

ನಮ್ಮ ಕಡೆಯವರಿಗೆ ಇನ್ನೊಂದು ಮಾತು. ಈ ಗ್ಯಾಸ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ತಗ್ಗಲ್ಲಿ ಹೋಗಿ ಕೂತ್ಕೊಳ್ತದೆ. ಬಾವಿಗೆ ಇಳಿಯುವವರು ಮೊದಲು ದೀಪ ಇಳಿಸಿ ನೋಡ್ತಾರೆ, ನಂದಿದ್ರೆ ಇಳಿಯುವುದಿಲ್ಲ, ಅದು ಇಂಥ ಗಾಳಿಗೆ ಹೆದರಿಯೇ. ಹಾಗಾಗಿ ಪಾಳು ಬಾವಿ, ನೀರಿಗಂತ ಗುಡ್ಡೆಯಲ್ಲಿ ಕೊರೆದ ಸುರಂಗ, ಖಾಲಿ ಟ್ಯಾಂಕಿಗೆ ಬಿಸಾಡ್ಬೇಡಿ. ಜನ ಮಲಗುವ ಕೋಣೆಯಲ್ಲೂ ಇಡ್ಬೇಡಿ, ನೆಲದಲ್ಲಿ ಚಾಪೆ ಹಾಕಿ ಮಲಗಿದವರಿಗೇ ಮೊದಲು ತೊಂದರೆ. ಕಾರಲ್ಲಿ ತರುವಾಗ ಎಸಿ ಅಂತ ಗ್ಲಾಸ್ ಏರಿಸಿ ಕೂರ್ಬೇಡಿ. ತಲೆನೋವು, ಏದುಸಿರು ಬಂದ್ರೆ ಕೂಡಲೇ ಹೊರಗೆ ಬನ್ನಿ.

ಅಕ್ಕನ ಬೆರಳನ್ನು ಉಗುರುಬೆಚ್ಚಗಿನ ನೀರಲ್ಲಿ ಸುಮಾರು ಹೊತ್ತು ಮುಳುಗಿಸಿಟ್ಟೆವು, ತಿಕ್ಕಲಿಲ್ಲ. ಗುಳ್ಳೆ ಬಂದ್ರೆ, ಬೆರಳು ಮರಗಟ್ಟಿದ್ದು ಸರಿಯಾಗದಿದ್ರೆ ಡಾಕ್ಟ್ರಿಗೆ ತೋರಿಸ್ಲೇಬೇಕು. ಖಾಲಿಯಾದ ಥರ್ಮಾಕೋಲ್ ಪೆಟ್ಟಿಗೆಗೆ ತೋಟದಲ್ಲಿ ಬೆಂಕಿ ಕೊಡ್ಬೇಡಿ, ಮನೆಮನೆಯಿಂದ ಕಸ ಒಯ್ಯುವ ಹರಿತ ಕರ್ಮಸೇನೆಯವರು ಬಂದಾಗ ಕೇಳಿ ಕೊಟ್ಟುಬಿಡಿ.