ಪೇಪರ್ ಬರೆಯೋಕೆ ಕೂರೋ ಮುಂಚೆ ಪ್ರಶ್ನೆ ಚಿಕ್ಕದು ಮಾಡ್ಕೊಳ್ಳಿ

ಎಂಎ ಓದ್ತಿರೋರು, ಈಗ ತಾನೇ ಪಿಎಚ್‌ಡಿಗೆ ಸೇರಿರೋರು ಸುಮಾರು ಜನ "ಕರ್ನಾಟಕದ ಕೆರೆಗಳು" ಅಂತ ಟಾಪಿಕ್ ಹಿಡ್ಕೊಂಡು ಬರ್ತಾರೆ, ಅದಕ್ಕೆ ಒಂದು ಜೀವಮಾನ ಬೇಕು. ಹದಿನೈದು ಪುಟದ ಪೇಪರ್‌ಗೆ ಒಂದೇ ಒಂದು ಪ್ರಶ್ನೆ ಸಾಕು, ಅದೂ ನಿಮ್ ಕೈಯಲ್ಲಿರೋ ಆಕರ ಉತ್ತರ ಕೊಡೋ ಅಂಥದ್ದಾಗಿರ್ಬೇಕು. ನೆಲಮಂಗಲ ತಾಲ್ಲೂಕಿನ ಶಾಸನಗಳ ಪ್ರಕಾರ ಕೆರೆ ನೋಡ್ಕೊಳ್ಳೋಕೆ ಯಾರು ಯಾರಿಗೆ ಏನು ಕೊಟ್ರು? ಇಷ್ಟಿಟ್ಕೊಳ್ಳಿ.

ಇದಕ್ಕೆ ಆಕರ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನೋ ಶಾಸನ ಸಂಗ್ರಹದ 9ನೇ ಸಂಪುಟ, ಬಿ.ಎಲ್. ರೈಸ್ 1905ರಲ್ಲಿ ತಂದಿದ್ದು, ಹಳೇ ಬೆಂಗಳೂರು ಜಿಲ್ಲೆದು. ಶಾಸನಗಳಿಗೆ ತಾಲ್ಲೂಕುವಾರು ನಂಬರ್ ಇದೆ, ಹಾಗಾಗಿ ನಮ್ ಕೆಲಸಕ್ಕೆ ಅನುಕೂಲ. ಸ್ಕ್ಯಾನ್ ಕಾಪೀಲಿ ಸರ್ಚ್ ಹಾಕಿ ನಂಬ್ಕೋಬೇಡಿ, ಕೂತು ಪುಟ ತಿರುಗಿಸಿ ಓದ್ಲೇಬೇಕು. "ಕೆರೆ" ಒಂದೇ ಹುಡುಕಿದ್ರೆ ಅರ್ಧ ಕೈತಪ್ಪತ್ತೆ. ಕಟ್ಟೆ, ಏರಿ, ತೂಬು, ಬಿತ್ತುವಟ್ಟ (ಕೆರೆ ನೋಡ್ಕೊಳ್ಳೋಕೆ ಅಂತ ಬಿಟ್ಟ ಭೂಮಿ), ಕಟ್ಟುಕೊಡಗೆ (ಕೆರೆ ಕಟ್ಟಿದ್ದಕ್ಕೆ, ರಿಪೇರಿಗೆ ಕೊಟ್ಟ ಭೂಮಿ) ಎಲ್ಲಾ ನೋಡ್ಬೇಕು. ಇಂಗ್ಲಿಷ್ ಅನುವಾದ ಓದಿ ಮುಂದಕ್ಕೆ ಹೋಗ್ಬೇಡಿ. ಬಿತ್ತುವಟ್ಟ ಅನ್ನೋ ಪದ ಅನುವಾದದಲ್ಲಿ ಬರೀ ದಾನ ಆಗ್ಬಿಟ್ರೆ ನಿಮ್ ಪೇಪರಿನ ಜೀವಾನೇ ಹೋಯ್ತು, ಮೂಲ ಪಾಠ ತೆಗೆದು ಆ ಸಾಲು ಹಾಗೇ ಬರ್ಕೊಳ್ಳಿ. ಅದೇ ವಿಷಯಕ್ಕೆ ಮುಂಚೆ ಯಾರಾದ್ರೂ ಥೀಸಿಸ್ ಮಾಡಿದಾರಾ ಅಂತ ಶೋಧಗಂಗಾದಲ್ಲೂ (ಭಾರತದ ಯೂನಿವರ್ಸಿಟಿಗಳ ಥೀಸಿಸ್ ಸಿಗೋ ವೆಬ್‌ಸೈಟ್) ಒಮ್ಮೆ ನೋಡಿ.

ಆಮೇಲೆ ಒಂದು ಎಕ್ಸೆಲ್ ಶೀಟ್. ಶಾಸನದ ನಂಬರ್, ಊರು, ಕಾಲ, ಕೊಟ್ಟೋರು, ತಗೊಂಡೋರು, ಏನು ಕೊಟ್ರು, ಮೂಲದ ಸಾಲು.

ಕಾಲದ ಕಾಲಂ ಹತ್ರ ನಿಧಾನ ಮಾಡಿ. ಶಕವರ್ಷಕ್ಕೆ 78 ಕೂಡಿಸಿದ್ರೆ ಕ್ರಿಸ್ತಶಕ ಅಂತ ಎಲ್ರಿಗೂ ಗೊತ್ತು, ಆದ್ರೆ ವರ್ಷ ಚೈತ್ರಕ್ಕೆ ಶುರು ಆಗೋದ್ರಿಂದ ಮಾಘ, ಫಾಲ್ಗುಣ ಬಂದ್ರೆ 79 ಕೂಡಿಸ್ಬೇಕು. ಶಕ 1431 ಶುಕ್ಲ ಸಂವತ್ಸರ ಅಂದ್ರೆ 1509, ಅದೇ ಮಾಘ ಮಾಸ ಅಂತಿದ್ರೆ 1510. ಸಂವತ್ಸರದ ಹೆಸರು ಶಕವರ್ಷಕ್ಕೆ ಕೂಡಿ ಬರ್ಲಿಲ್ಲ ಅಂದ್ರೆ ಅದು ಕಳೆದ ವರ್ಷದ ಲೆಕ್ಕಾನಾ (ಮುಗಿದ ವರ್ಷಗಳನ್ನ ಮಾತ್ರ ಎಣಿಸಿದ್ದು) ನಡೀತಿರೋ ವರ್ಷದ ಲೆಕ್ಕಾನಾ (ಆ ವರ್ಷಾನೂ ಸೇರಿಸಿ ಎಣಿಸಿದ್ದು) ನೋಡಿ, ಶಕವರ್ಷ, ಸಂವತ್ಸರ ಎರಡರಲ್ಲಿ ನಿಮ್ಗೆ ಬೇಕಾದ್ದನ್ನ ಮಾತ್ರ ಇಟ್ಕೊಂಡು ಇನ್ನೊಂದನ್ನ ಬಿಡ್ಬೇಡಿ. ನನ್ನ ಮೊದಲ ಪೇಪರ್ ವಾಪಸ್ ಬಂದಿದ್ದು ಇದೇ 79ರ ತಪ್ಪಿಗೆ, ಮೂರು ಶಾಸನ ಹಿಂದುಮುಂದಾಗಿ ಇಡೀ ವಾದ ಬಿದ್ದೋಯ್ತು.

ಶೀಟ್ ತುಂಬಿದ್ ಮೇಲೇನೇ ಡ್ರಾಫ್ಟ್, ಅದೂ ಮಧ್ಯದಿಂದ ಶುರು ಮಾಡಿ. ಒಂದು ಪ್ಯಾರಾಕ್ಕೆ ಒಂದು ಮಾತು, ಆ ಮಾತಿನ ಪಕ್ಕದಲ್ಲೇ ಶಾಸನದ ನಂಬರ್. ನಂಬರ್ ಹಾಕೋಕಾಗಲ್ಲ ಅಂದ್ರೆ ಆ ವಾಕ್ಯ ನಿಮ್ಮ ಊಹೆ, ಊಹೆ ಅಂತಾನೇ ಬರೀರಿ. ಪೀಠಿಕೆ ಕೊನೆಗೆ, ಸಾರಾಂಶ ಅದಕ್ಕಿಂತ ಕೊನೆಗೆ, ಯಾಕಂದ್ರೆ ಏನು ಸಿಕ್ತು ಅಂತ ನಿಮ್ಗೇ ಗೊತ್ತಾಗೋದು ಆವಾಗ.

ಶಾಸನ ಎಷ್ಟು ಹೇಳತ್ತೋ ಅಷ್ಟೇ ಹೇಳಿ. ಬೇಗೂರಿನ ವೀರಗಲ್ಲು, ಸುಮಾರು 890ರದ್ದು, ಬೆಂಗಳೂರು ಕಾಳಗದಲ್ಲಿ ಒಬ್ಬ ಸತ್ತ ಅನ್ನತ್ತೆ. ಆ ಹೆಸರಿನ ಊರು ಆಗ್ಲೇ ಇತ್ತು ಅಂತ ಅದರಿಂದ ಹೇಳ್ಬಹುದು, ಊರು ಎಷ್ಟು ದೊಡ್ಡದಿತ್ತು ಅಂತ ಹೇಳೋಕಾಗಲ್ಲ. ಕೆರೆ ವಿಷಯದಲ್ಲೂ ಹಾಗೇ, ಭೂಮಿ ಬಿಟ್ರು ಅಂತಿದ್ರೆ ಬಿಟ್ರು ಅಷ್ಟೇ, ಆಮೇಲೆ ನಿಜವಾಗ್ಲೂ ಹೂಳು ತೆಗೆದ್ರಾ ಇಲ್ವಾ ಕಲ್ಲು ಹೇಳಲ್ಲ. ಶಾಸನ ಸಿಗದೇ ಇರೋ ಊರಲ್ಲಿ ಕೆರೆ ಇರ್ಲಿಲ್ಲ ಅಂತಾನೂ ಅಲ್ಲ. ಈ ಮಿತಿಗಳಿಗೆ ಒಂದು ಪೂರ್ತಿ ಪ್ಯಾರಾ ಕೊಡಿ.

ಕಳಿಸೋ ಹಿಂದಿನ ದಿನ ಯಾವ್ದಾದ್ರೂ ಹತ್ತು ಅಡಿಟಿಪ್ಪಣಿ ಆರಿಸ್ಕೊಂಡು ಸಂಪುಟ ತೆಗೆದು ತಾಳೆ ನೋಡಿ. ಒಂದು ತಪ್ಪು ಸಿಕ್ರೂ ಎಲ್ಲಾನೂ ನೋಡಿ, ಆಮೇಲೆ ಕಳಿಸಿ.