ಟ್ರೈಲರ್ ಪಿನ್ನು ತುಕ್ಕು ಹಿಡಿದು ಕಚ್ಕೊಂಡಿದ್ಯಾ? ಸುತ್ತಿಗೆ ಆಮೇಲೆ, ಮೊದಲು ಭಾರ ಇಳಿಸಿ

ಮಳೆ ಬಿಟ್ಟು ಅಡಿಕೆ ಕೊಯ್ಲು ಶುರು ಆಗೋ ಹೊತ್ತಿಗೆ, ಜೂನಿಂದ ಟ್ರ್ಯಾಕ್ಟರಿಗೆ ಸಿಗಿಸಿದ ಹಾಗೇ ನಿಂತಿದ್ದ ಟ್ರೈಲರ್ ಬಿಚ್ಚೋಣ ಅಂತ ಹೋದ್ರೆ ಹಿಚ್ ಪಿನ್ನು (ಟ್ರ್ಯಾಕ್ಟರಿಗೆ ಟ್ರೈಲರ್ ಸಿಗಿಸೋ ದಪ್ಪ ಕಬ್ಬಿಣದ ಗೂಟ) ಜಪ್ಪಯ್ಯ ಅಂದ್ರೂ ಅಲುಗಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಟ್ರ್ಯಾಕ್ಟರ್ ಇರೋ ಮನೆಯವ್ರಿಗೆಲ್ಲ ಇದು ಗೊತ್ತಿರೋದೇ. ಆಗ ಏನ್ಮಾಡ್ತಾರೆ ಅಂದ್ರೆ ದೊಡ್ಡ ಸುತ್ತಿಗೆ ತಂದು ಕೆಳಗಿಂದ ಹೊಡೀತಾರೆ, ಪಿನ್ನಿನ ತುದಿ ಅಣಬೆ ಥರ ಅಗಲ ಆಗ್ತದೆ, ಆಮೇಲೆ ಅದು ತೂತಿಂದ ಬರೋ ದಾರೀನೇ ಮುಚ್ಚಿಹೋಗ್ತದೆ, ಕೊನೆಗೆ ಗ್ಯಾಸ್ ಕಟಿಂಗ್ ಮಾಡೋರನ್ನ ಕರೀಬೇಕು. ಇಷ್ಟೆಲ್ಲ ಬೇಕಾಗಿಲ್ಲ, ಎರಡು ದಿನ ತಾಳ್ಮೆ ಇದ್ರೆ ಮುಕ್ಕಾಲು ಪಾಲು ಪಿನ್ನು ತಾನಾಗೇ ಬರ್ತದೆ.

ಮೊದಲನೇದಾಗಿ ಒಂದು ವಿಷಯ ತಿಳ್ಕೊಳ್ಳಿ, ಜಾಮ್ ಆಗೋಕೆ ತುಕ್ಕೊಂದೇ ಕಾರಣ ಅಲ್ಲ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಎರಡು ಪಟ್ಟಿಗೂ ಜಾಸ್ತಿ ಜಾಗ ಹಿಡೀತದೆ, ಪಿನ್ನಿಗೂ ತೂತಿಗೂ ಮಧ್ಯ ಇರೋ ಸಣ್ಣ ಸಂದು ತುಂಬ್ಕೊಂಡು ಬೆಣೆ ಹೊಡೆದ ಹಾಗೆ ಆಗ್ತದೆ, ಅದು ನಿಜ. ಆದ್ರೆ ಎರಡು ಚಕ್ರದ ಟ್ರೈಲರಲ್ಲಿ ಭಾರದ ಒಂದು ಪಾಲು ಮೂತಿ, ಅಂದ್ರೆ ಟ್ರ್ಯಾಕ್ಟರಿಗೆ ಸಿಗಿಸೋ ಮುಂದಿನ ತುದಿ, ಅದರ ಮೇಲೇ ಕೂತಿರ್ತದೆ, ಜೊತೆಗೆ ಇಳಿಜಾರಲ್ಲಿ ನಿಲ್ಸಿದ್ರೆ ಎಳೆತವೂ ಪಿನ್ನಿನ ಮೇಲೇ ಬೀಳ್ತದೆ. ಆ ಭಾರ ತೆಗೀದೆ ಎಷ್ಟು ಎಣ್ಣೆ ಹಾಕಿದ್ರೂ ಪ್ರಯೋಜನ ಇಲ್ಲ.

ಹಾಗಾಗಿ ಟ್ರೈಲರ್ ಖಾಲಿ ಮಾಡಿ, ಚಕ್ರದ ಹಿಂದೂ ಮುಂದೂ ಎರಡೂ ಕಡೆ ಕಲ್ಲು ಕೊಡಿ, ಟ್ರ್ಯಾಕ್ಟರ್ ಆಫ್ ಮಾಡಿ ಗೇರಲ್ಲಿ ಬಿಟ್ಟು ಹ್ಯಾಂಡ್ ಬ್ರೇಕ್ ಹಾಕಿ. ಮೂತಿ ಕೆಳಗೆ ಜಾಕ್ ಇಟ್ಟು ನಿಧಾನ ಎತ್ತಿ, ಜಾಕನ್ನೇ ನಂಬದೆ ಪಕ್ಕದಲ್ಲೊಂದು ಗಟ್ಟಿ ಮರದ ದಿಮ್ಮಿ ಕೊಡಿ. ಖಾಲಿ ಮಾಡೋಕೆ ಆಗ್ಲಿಲ್ಲ, ಲೋಡು ಹಿಂದೆ ಜಾಸ್ತಿ ಇದೆ ಅಂದ್ರೆ ಪಿನ್ನು ಬಂದ ಕೂಡ್ಲೇ ಮೂತಿ ಮೇಲಕ್ಕೆ ಹಾರ್ತದೆ, ಹತ್ರ ಮುಖ ಇಟ್ಕೊಂಡು ನಿಲ್ಬೇಡಿ. ತೂತು ಸರಿಯಾಗಿ ಕೂತಿದ್ಯಾ ಅಂತ ಬೆರಳು ಹಾಕಿ ನೋಡೋ ಅಭ್ಯಾಸ ಇದ್ರೆ ಇವತ್ತೇ ಬಿಡಿ, ಸಲಾಕೆ ಹಾಕಿ ನೋಡಿ.

ಈಗ ಕೆಳಗೆ ಬಗ್ಗಿ ನೋಡಿ. ಹಿಚ್ ಪಿನ್ನು ಜಾರದ ಹಾಗೆ ಅದರ ತುದಿಗೆ ಹಾಕೋ ಸಣ್ಣ ಲಿಂಚ್ ಪಿನ್ನೋ ಸ್ಪ್ಲಿಟ್ ಪಿನ್ನೋ ಮುರಿದು ಒಳಗೇ ಉಳಿದಿದ್ರೆ ಪಂಚ್ ಇಟ್ಟು ಅದನ್ನ ತೆಗೀರಿ. ಪಿನ್ನಿನ ತುದಿ ಆಗ್ಲೇ ಅಗಲ ಆಗಿದ್ರೆ ಅರದಿಂದಲೋ ಗ್ರೈಂಡರಿಂದಲೋ ಸವೆಸಿ ಮೊದಲಿನ ದಪ್ಪಕ್ಕೆ ತನ್ನಿ. ಮಣ್ಣು, ಹಳೇ ಗ್ರೀಸು ಎಲ್ಲ ವೈರ್ ಬ್ರಷ್ಷಲ್ಲಿ ಉಜ್ಜಿ ತೆಗೀಬೇಕು, ಆದ್ರೆ ನೀರು ಹೊಡೆದು ತೊಳೀಬೇಡಿ, ಸಂದಲ್ಲಿ ನೀರು ನಿಂತ್ರೆ ಎಣ್ಣೆ ಒಳಗೆ ಇಳಿಯಲ್ಲ. ಪೊಟ್ಯಾಷ್ ಚೀಲ ಹೇರಿದ ಟ್ರೈಲರಾದ್ರೆ ಇನ್ನೂ ಚೆನ್ನಾಗಿ ಉಜ್ಜಿ, ಅದು ಒಂಥರ ಉಪ್ಪೇ, ಗಾಳಿಯಲ್ಲಿರೋ ತೇವ ಎಳ್ಕೊಂಡು ಕಬ್ಬಿಣ ತಿಂತಾನೇ ಇರ್ತದೆ.

ಎಣ್ಣೆ ಯಾವುದು ಅನ್ನೋದು ಎಲ್ಲರೂ ಕೇಳೋ ಪ್ರಶ್ನೆ. ಗ್ರೀಸು ಬೇಡ, ಅದು ದಪ್ಪ, ಒಳಗೆ ಹೋಗಲ್ಲ. ಅಂಗಡೀಲಿ ಸಿಗೋ ತುಕ್ಕು ಬಿಡಿಸೋ ಸ್ಪ್ರೇ ಇದ್ರೆ ಒಳ್ಳೇದು, ಡಬ್ಲ್ಯೂಡಿ-40 ಕೂಡ ನಡೀತದೆ, ಏನೂ ಇಲ್ಲ ಅಂದ್ರೆ ಡೀಸೆಲ್ಲಿಗೆ ಸ್ವಲ್ಪ ಪವರ್ ಸ್ಟೀರಿಂಗ್ ಆಯಿಲ್ ಬೆರೆಸಿ. ಅಸಿಟೋನೂ ಪವರ್ ಸ್ಟೀರಿಂಗ್ ಆಯಿಲ್ಲೂ ಅರ್ಧಂಬರ್ಧ ಬೆರೆಸೋರೂ ಇದ್ದಾರೆ, ಆದ್ರೆ ಅಸಿಟೋನಿಗೆ ಬೆಂಕಿ ಬೇಗ ಹತ್ತತದೆ, ಬೀಡಿ ಸಿಗರೇಟು ದೂರ ಇರ್ಲಿ. ಎಣ್ಣೆಗಿಂತ ಮುಖ್ಯ ಅದನ್ನ ನಿಲ್ಸೋದು. ಸುರಿದದ್ದೆಲ್ಲ ಹರಿದು ನೆಲಕ್ಕೆ ಹೋದ್ರೆ ಏನು ಬಂತು? ಗದ್ದೆಗೆ ಬದು ಕಟ್ಟಿದ ಹಾಗೆ ಪಿನ್ನಿನ ಸುತ್ತ ಜೇಡಿಮಣ್ಣಲ್ಲೋ ನಾದಿದ ಗೋಧಿಹಿಟ್ಟಲ್ಲೋ ಒಂದು ಸಣ್ಣ ಕಟ್ಟೆ ಕಟ್ಟಿ, ಅದರೊಳಗೆ ಎಣ್ಣೆ ತುಂಬಿ. ಸಂಜೆ ಒಂದ್ಸಲ, ಬೆಳಿಗ್ಗೆ ಒಂದ್ಸಲ, ಮತ್ತೆ ಸಂಜೆ ಒಂದ್ಸಲ.

ಮಧ್ಯ ಮಧ್ಯ ತಟ್ಟಬೇಕು. ತಟ್ಟೋದು ಬೇರೆ, ಹೊಡೆಯೋದು ಬೇರೆ. ಒಂದು ಕೇಜಿ ಸುತ್ತಿಗೆಯಲ್ಲಿ ಪಿನ್ನಿನ ಸುತ್ತ ಇರೋ ಕಬ್ಬಿಣಕ್ಕೆ ಐವತ್ತು ಸಣ್ಣ ಏಟು ಕೊಡಿ, ಆ ನಡುಕಕ್ಕೆ ತುಕ್ಕಿನ ಪದರ ಬಿರುಕು ಬಿಟ್ಟು ಎಣ್ಣೆ ಇಳೀತದೆ. ಕಣ್ಣಿಗೆ ಕನ್ನಡಕ ಹಾಕ್ಕೊಳ್ಳಿ, ಗಟ್ಟಿ ಉಕ್ಕಿಗೆ ಉಕ್ಕು ಹೊಡೆದ್ರೆ ಚೂರು ಹಾರ್ತದೆ. ಆಮೇಲೆ ಪಿನ್ನನ್ನ ಎತ್ತೋಕೆ ಹೋಗ್ಬೇಡಿ, ತಿರುಗ್ಸಿ. ಪೈಪ್ ರೆಂಚ್ ಹಾಕಿ ಆ ಕಡೆ ಕೂದಲೆಳೆಯಷ್ಟು, ಈ ಕಡೆ ಕೂದಲೆಳೆಯಷ್ಟು. ಒಂದ್ಸಲ ತಿರುಗ್ತು ಅಂದ್ರೆ ಅದು ಬಂದ ಹಾಗೇ.

ಟಾಪ್ ಲಿಂಕ್ (ಟ್ರ್ಯಾಕ್ಟರ್ ಹಿಂದೆ ನೇಗಿಲಂಥದ್ದು ಸಿಗಿಸೋವಾಗ ಮೇಲ್ಗಡೆ ಹಾಕೋ, ಉದ್ದ ಹೆಚ್ಚು ಕಮ್ಮಿ ಮಾಡೋ ಕೊಂಡಿ) ಜಾಮ್ ಆಗಿದ್ರೆ ಇನ್ನೊಂದು ಎಚ್ಚರಿಕೆ ಬೇಕು. ಅದರ ಒಂದು ತುದಿ ರೈಟ್ ಥ್ರೆಡ್, ಇನ್ನೊಂದು ತುದಿ ಲೆಫ್ಟ್ ಥ್ರೆಡ್, ಅದಕ್ಕೇ ನಡುವಿನ ಪೈಪು ತಿರುಗ್ಸಿದ್ರೆ ಎರಡೂ ರಾಡು ಒಟ್ಟಿಗೆ ಹೊರಗೆ ಬರೋದು. ಇದು ಗೊತ್ತಿಲ್ದೆ ಎರಡೂ ತುದೀನ ಒಂದೇ ಕಡೆ ಬಿಚ್ಚೋಕೆ ಹೋಗಿ ಒಂದನ್ನ ಇನ್ನೂ ಬಿಗಿ ಮಾಡ್ತಾರೆ. ಬೋಲ್ಟು ನಟ್ಟು ಯಾವುದಾದ್ರೂ ಸರಿ, ಮೊದಲು ಸ್ವಲ್ಪ ಬಿಗಿ ಮಾಡಿ, ತುಕ್ಕು ಕಿರ್ ಅಂತ ಬಿಟ್ಟ ಮೇಲೆ ಸಡಿಲ ಮಾಡಿ, ಕಾಲು ಸುತ್ತು ಮುಂದೆ, ಅರ್ಧ ಕಾಲು ಹಿಂದೆ, ಮತ್ತೆ ಎಣ್ಣೆ. ಒಂದೇ ಸಮ ಎಳೆದ್ರೆ ಬೋಲ್ಟು ಕತ್ತರಿಸಿಹೋಗ್ತದೆ.

ಬೆಂಕಿ ಕೊನೇ ಉಪಾಯ. ಕಾಯಿಸೋದು ಪಿನ್ನನ್ನಲ್ಲ, ಪಿನ್ನಿನ ತೂತಿರೋ ಹೊರಗಿನ ಕಿವಿಯನ್ನ, ಅದು ಹಿಗ್ಗಬೇಕು. ಲೆಕ್ಕ ಹಾಕಿದ್ರೆ 25 ಮಿಲಿಮೀಟರ್ ತೂತು 200 ಡಿಗ್ರಿ ಬಿಸಿ ಏರಿದ್ರೆ ಸುಮಾರು 0.06 ಮಿಲಿಮೀಟರ್ ಅಗಲ ಆಗ್ತದೆ, ತುಕ್ಕಿನ ಹಿಡಿತ ಬಿಡಿಸೋಕೆ ಎಷ್ಟೋ ಸಲ ಅಷ್ಟೇ ಸಾಕು, ಕೆಂಪಗೆ ಕಾಯಿಸ್ಬೇಕಿಲ್ಲ. ಕೆಂಪಾದ್ರೆ ಗಟ್ಟಿ ಮಾಡಿದ ಉಕ್ಕು ಮೆತ್ತಗಾಗ್ತದೆ, ಆ ಭಾಗ ಮತ್ತೆ ಎಳೆಯೋಕೆ ಬಳಸ್ಬಾರ್ದು. ಹಾಕಿದ ಎಣ್ಣೆ, ಮುಖ್ಯವಾಗಿ ಅಸಿಟೋನ್, ಪೂರ್ತಿ ಒರೆಸಿ ಆರಿದ ಮೇಲೇ ಗ್ಯಾಸ್ ಟಾರ್ಚ್ ಹಚ್ಚಿ. ಟೈರು, ಹೈಡ್ರಾಲಿಕ್ ಹೋಸು, ಡೀಸೆಲ್ ಟ್ಯಾಂಕು ಹತ್ರ ಇದ್ರೆ ಬೆಂಕಿ ಬೇಡ್ವೇ ಬೇಡ. ಟಾಪ್ ಲಿಂಕಿನ ಪೈಪಿಗೂ ಬೇಡ, ಎರಡು ಕಡೆ ಮುಚ್ಚಿರೋ ಪೈಪೊಳಗೆ ಗ್ರೀಸು ಕಾದ್ರೆ ಸಿಡೀತದೆ. ಜಿಂಕ್ ಲೇಪ ಇರೋ ಬೋಲ್ಟು ಕಾಯಿಸಿದ್ರೆ ಬರೋ ಬಿಳಿ ಹೊಗೆ ಉಸಿರಿಗೆ ಕೆಟ್ಟದ್ದು, ಜ್ವರ ಬಂದ ಹಾಗೆ ಆಗ್ತದೆ.

ಇಷ್ಟೆಲ್ಲ ಮಾಡಿಯೂ ಬರ್ಲಿಲ್ಲ ಅಂದ್ರೆ ಪಿನ್ನು ಬಗ್ಗಿರಬಹುದು, ಕತ್ತರಿಸಿ ತೆಗೆಸಿ, ಹೋದ್ರೆ ಪಿನ್ನು ಹೋಗ್ಲಿ.

ಬಂದ ಪಿನ್ನನ್ನ ಒರೆಸಿ ಬೆಳಕಿಗೆ ಹಿಡಿದು ನೋಡಿ, ನಡುವೆ ಸವೆದು ಸೊಂಟ ಬಿದ್ದಿದ್ರೆ ಮತ್ತೆ ಹಾಕ್ಬೇಡಿ. ಅದರ ಬದ್ಲು ಮನೆ ಕಟ್ಟಿದ ಕಂಬಿ ತುಂಡು ಹಾಕೋರನ್ನ ನೋಡಿದ್ದೀನಿ, ದಯವಿಟ್ಟು ಹಾಗೆ ಮಾಡ್ಬೇಡಿ, ಘಾಟಿಯಲ್ಲಿ ಲೋಡು ಹಿಂದೆ ಇರೋವಾಗ ಆ ಕಂಬಿ ಮುರಿದ್ರೆ ಕೆಳಗೆ ಬರ್ತಿರೋರ ಜೀವ ಹೋಗ್ತದೆ. ಸರಿಯಾದ ಅಳತೆಯ ಪಿನ್ನು ತಂದು, ತೂತಿನ ಒಳಗೆ ಎಮರಿ ಕಾಗದ ತಿರುಗ್ಸಿ, ಗ್ರೀಸ್ ಸವರಿ, ಲಿಂಚ್ ಪಿನ್ ಹೊಸದು ಹಾಕಿ. ಮುಂದಿನ ಮೇ ಕೊನೇಲಿ, ಮಳೆ ಹಿಡಿಯೋ ಮುಂಚೆ, ಟ್ರೈಲರ್ ಬಿಚ್ಚಿ ಮೂತಿಗೆ ದಿಮ್ಮಿ ಕೊಟ್ಟು ನಿಲ್ಸಿ, ಪಿನ್ನನ್ನ ಎಣ್ಣೆ ಬಟ್ಟೆಯಲ್ಲಿ ಸುತ್ತಿ ಒಳಗೆ ತೂಗುಹಾಕಿ, ತೂತಿಗೆ ಗ್ರೀಸು ತುಂಬಿ ಹಳೇ ಟ್ಯೂಬಿನ ತುಂಡು ಕಟ್ಟಿಬಿಡಿ.