ಸಿಸ್ಟರ್ ಮನೆಯವರು

ನಾನು ವಿಜಯಪುರದವನು. ಹೆಂಡತಿ ನರ್ಸ್. ನಾಲ್ಕು ವರ್ಷದ ಹಿಂದೆ ಅವಳಿಗೆ ಸರ್ಕಾರಿ ಕೆಲಸ ಸಿಕ್ಕಿತು. ಹಾಕಿದ್ದು ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯ ಆಸ್ಪತ್ರೆಗೆ. ಆಗ ನಾನು ಒಂದು ಖಾಸಗಿ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ನನ್ನ ಸಂಬಳ ಅವಳದ್ದರ ಅರ್ಧವೂ ಇರಲಿಲ್ಲ. ಹಾಗಾಗಿ ಯಾರು ಕೆಲಸ ಬಿಡಬೇಕು ಅನ್ನುವ ಚರ್ಚೆಯೇ ನಡೆಯಲಿಲ್ಲ. ಲೆಕ್ಕ ಮಾಡಿದೆವು, ಉತ್ತರ ಬಂತು, ಗಂಟುಮೂಟೆ ಕಟ್ಟಿದೆವು. 'ಹೇಂತಿ ಹಿಂದ ಹೊಂಟಾನ ನೋಡು' ಅಂತ ಸೋದರಮಾವ ನಕ್ಕ. ನಾನೂ ನಕ್ಕೆ.

ಬಂದು ಇಳಿದದ್ದು ಜೂನ್ ಎರಡನೇ ವಾರ. ನಮ್ಮ ಕಡೆ ಮಿರಗದ ಮಳೆ ಎರಡು ಸಲ ಚೆನ್ನಾಗಿ ಬಂದು ಹೋದರೆ ಜನ ಖುಷಿಯಾಗಿ ತೊಗರಿ ಬಿತ್ತುತ್ತಾರೆ. ಇಲ್ಲಿ ಮಳೆ ಬಂದು ಹೋಗುವುದಿಲ್ಲ, ಬಂದು ಕೂರುತ್ತದೆ. ವಿಜಯಪುರದಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. ಇಲ್ಲಿಂದ ಆಚೆ ಹುಲಿಕಲ್ ಕಡೆ 7,000 ದಾಟುವುದುಂಟು. ಗಣಿತದವನಲ್ವಾ, ಭಾಗಿಸಿ ನೋಡಿದೆ. ನಮ್ಮೂರಿನ ಹನ್ನೊಂದು ವರ್ಷದ ಮಳೆಯನ್ನು ಇವರು ಒಂದೇ ಮಳೆಗಾಲದಲ್ಲಿ ಮುಗಿಸುತ್ತಾರೆ.

ಮಳೆಗಿಂತ ಜಾಸ್ತಿ ಕಾಡಿದ್ದು ಒಂದು ಪ್ರಶ್ನೆ. 'ನೀವು ಯಾವ ಡಿಪಾರ್ಟ್‌ಮೆಂಟು?' ಬಸ್ ಸ್ಟಾಪಿನಲ್ಲಿ, ಹಾಲಿನ ಡೈರಿಯಲ್ಲಿ, ಕಟಿಂಗ್ ಶಾಪಿನಲ್ಲಿ. ಯಾವುದೂ ಇಲ್ಲ ಅಂದರೆ ಎದುರಿನವರೇ ಮುಜುಗರಪಟ್ಟು 'ಪರವಾಗಿಲ್ಲ ಬಿಡಿ' ಅನ್ನುತ್ತಿದ್ದರು. ಒಂದು ದಿನ ಕಿರಾಣಿ ಅಂಗಡಿಯ ಸಾಲದ ಪುಸ್ತಕದಲ್ಲಿ ನಮ್ಮ ಪುಟ ಕಣ್ಣಿಗೆ ಬಿತ್ತು. ಮೇಲೆ ಬರೆದಿತ್ತು: 'ಸಿಸ್ಟರ್ ಮನೆಯವರು'. ಅಷ್ಟೇ. ಇಪ್ಪತ್ತು ವರ್ಷ ಊರಲ್ಲಿ 'ಸರ್' ಅನ್ನಿಸಿಕೊಂಡವನಿಗೆ ಅದು ಒಳಗೆ ಎಲ್ಲೋ ಚುಚ್ಚಿತು. ಅಂಗಡಿಯವರ ತಪ್ಪೇನೂ ಇರಲಿಲ್ಲ. ನನ್ನ ಹೆಸರು ಏನು ಅಂತ ನಾನೂ ಅವರಿಗೆ ಹೇಳಿರಲಿಲ್ಲ.

ನಾನು ಮಾಡಿದ ದೊಡ್ಡ ತಪ್ಪು ಟ್ರಂಕು ಬಿಚ್ಚದೇ ಇದ್ದದ್ದು. 'ಎರಡು ಮೂರು ವರ್ಷ, ಆಮೇಲೆ ಹೇಗಾದರೂ ಮಾಡಿ ವರ್ಗ ಮಾಡಿಸಿಕೊಂಡು ಹೋಗೋದೇ' ಅಂತ ನನ್ನ ಸಾಮಾನನ್ನೆಲ್ಲ ಕಟ್ಟಿದ ಹಾಗೇ ಇಟ್ಟಿದ್ದೆ. ಪುಸ್ತಕ, ಶೂ, ಬಿ.ಎಡ್. ಮಾರ್ಕ್ಸ್ ಕಾರ್ಡು, ಮದುವೆಯ ಕೋಟು. ಶ್ರಾವಣದಲ್ಲಿ ಯಾವುದೋ ಕಾಗದ ಬೇಕಾಗಿ ಟ್ರಂಕು ತೆಗೆದೆ. ವಾಸನೆ ಮೂಗಿಗೆ ಬಡಿಯಿತು. ಶೂ ಮೇಲೆ ಹಸಿರು ಪಾಚಿಯ ಹಾಗೆ ಬೂಸ್ಟು. ಬೆಲ್ಟಿಗೆ ಬಿಳಿ ಬೂಸ್ಟು. ಮಾರ್ಕ್ಸ್ ಕಾರ್ಡಿನ ಪ್ಲಾಸ್ಟಿಕ್ ಕವರಿನ ಒಳಗೆ ನೀರಾಡಿ, ಗಣಿತದ ಅಂಕದ ಮೇಲೆ ಕಾಫಿ ಬಣ್ಣದ ಕಲೆ. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಮನೆ ಕೊಟ್ಟ ಅಜ್ಜ ಬಾಗಿಲಲ್ಲಿ ನಿಂತು ನೋಡಿದರು. 'ಎಂತ ಮೇಷ್ಟ್ರೆ, ಇಲ್ಲಿ ಪೆಟ್ಟಿಗೆ ಮುಚ್ಚಿ ಇಟ್ರೆ ಆಗ್ತದಾ? ಗಾಳಿ ಆಡ್ಬೇಕು ಮಾರಾಯ್ರೆ' ಅಂದರು. ಈ ಊರಲ್ಲಿ ನನ್ನನ್ನು ಮೊದಲು ಮೇಷ್ಟ್ರೆ ಅಂದವರು ಅವರೇ. ಹೇಗೆ ಗೊತ್ತಾಯಿತೋ ಕೇಳಲಿಲ್ಲ.

ಅಜ್ಜ ಆವತ್ತೇ ನನ್ನನ್ನು ಅವರ ಬಚ್ಚಲುಮನೆಗೆ ಕರೆದುಕೊಂಡು ಹೋದರು. ದೊಡ್ಡ ತಾಮ್ರದ ಹಂಡೆ, ಕೆಳಗೆ ಸದಾ ಸಣ್ಣಗೆ ಉರಿಯುವ ಒಲೆ. ಮೇಲೆ ನಾಲ್ಕು ಸಾಲು ಹಗ್ಗ, ಹಗ್ಗದ ತುಂಬ ಬಟ್ಟೆ. ಮಲೆನಾಡಿನ ವಾಷಿಂಗ್ ಮೆಷಿನ್ನಿನ ಡ್ರೈಯರ್ ಇದೇ. ಬನಿಯನ್ನು ಹೊಗೆ ವಾಸನೆ ಹೊಡೆಯುತ್ತದೆ, ಆದರೆ ಒಣಗಿರುತ್ತದೆ. ನಾವು ಬಾಡಿಗೆಗಿದ್ದ ಭಾಗದಲ್ಲಿ ಗೀಸರ್ ಇತ್ತು ಅಂತ ನಾನು ಒಲೆಯನ್ನು ಮುಟ್ಟಿರಲಿಲ್ಲ. ಗಾಳಿಗೆ ಮರ ಬಿದ್ದು ಕರೆಂಟು ಹೋದರೆ ಮೂರು ದಿನ ಬರುವುದಿಲ್ಲ ಅಂತ ಗೊತ್ತಿದ್ದರೂ. ಮರುದಿನವೇ ಒಲೆ ಹಚ್ಚಿದೆ. ಈಗ ಕಟ್ಟಿಗೆಯನ್ನು ಮಾರ್ಚಿನಲ್ಲೇ ತರಿಸಿ, ಒಣಗಿಸಿ, ಮೇ ಕೊನೆಯೊಳಗೆ ಸೂರಿನಡಿ ಪೇರಿಸುತ್ತೇನೆ. ಜೂನ್ ಬಂದ ಮೇಲೆ ಕಟ್ಟಿಗೆ ಹುಡುಕುವವನನ್ನು ನೋಡಿ ಇಲ್ಲಿಯವರು ನಗುತ್ತಾರೆ.

ಮನೆಯೊಳಗಿನ ಕಥೆ ಹೇಳುವುದು ಕಷ್ಟ. ಹೇಳದಿದ್ದರೆ ಸುಳ್ಳಾಗುತ್ತದೆ. ನಾನು ಜಗಳ ಆಡಲಿಲ್ಲ, ಮಾತು ಬಿಟ್ಟೆ. ಅವಳು ಡ್ಯೂಟಿ ಮುಗಿಸಿ, ಕಾಲಿಗೆ ಹತ್ತಿದ ಉಂಬಳ (ಜಿಗಣೆ) ಕಿತ್ತುಕೊಳ್ಳುತ್ತಾ ಒಳಗೆ ಬಂದರೆ, ನಾನು ಮೊಬೈಲಿನಿಂದ ತಲೆ ಎತ್ತುತ್ತಿರಲಿಲ್ಲ. ಊಟ ಬಡಿಸಿ ಇಡುತ್ತಿದ್ದೆ. 'ಹೆಂಗಿತ್ತು ಇವತ್ತು' ಅಂತ ಕೇಳುತ್ತಿರಲಿಲ್ಲ. ಹೀಗೆ ಎರಡು ತಿಂಗಳು. ಒಂದು ರಾತ್ರಿ ತಟ್ಟೆ ಸರಿಸಿ ಅಂದಳು: 'ರೀ, ನೀವು ಬಾಯಿ ಬಿಟ್ಟು ಬೈದ್ರ ಚಲೋ ಇತ್ತು. ಹಿಂಗ ಸುಮ್ನ ಕುಂದ್ರತೀರಲ್ಲ, ಅದ ನನಗ ತ್ರಾಸ. ನಾ ಏನು ಇಲ್ಲಿಗಿ ಜಾತ್ರಿಗಿ ಬಂದೀನೇನು?' ಆಮೇಲೆ ಗೊತ್ತಾಯಿತು, ಅವಳೂ ಆಸ್ಪತ್ರೆಯಲ್ಲಿ ಒಬ್ಬಳೇ. ಮಾತಿನ ಧಾಟಿಗೆ ನಗುತ್ತಿದ್ದರಂತೆ. ಅವಳು ನನಗೆ ಹೇಳಿರಲಿಲ್ಲ, ನಾನು ಕೇಳಿರಲಿಲ್ಲ.

ಇನ್ನೊಂದು ಕೆಲಸಕ್ಕೆ ಬಾರದ ಉಪಾಯ ಮಾಡಿದ್ದೆ. ಪ್ರತಿ ಭಾನುವಾರ ಬಸ್ಸು ಹತ್ತಿ, ರಿಪ್ಪನ್‌ಪೇಟೆ, ಆಯನೂರು ದಾಟಿ ಶಿವಮೊಗ್ಗಕ್ಕೆ ಹೋಗಿ ಒಂದು ಖಾನಾವಳಿಯಲ್ಲಿ ರೊಟ್ಟಿ ಊಟ ಮಾಡಿ, ನಮ್ಮ ಕಡೆಯವರ ಜೊತೆ ಹರಟೆ ಹೊಡೆದು ಬರುವುದು. ಹೋಗುವಾಗ ಹಗುರ. ವಾಪಸ್ ಬಸ್ಸು ಹತ್ತುವಾಗ ಎದೆ ಮೇಲೆ ಕಲ್ಲು. ವಾರಕ್ಕೊಮ್ಮೆ ಊರು ಬಿಟ್ಟು ಬಂದ ಹಾಗೆ ಆಗುತ್ತಿತ್ತು. ದೀಪಾವಳಿ ಹೊತ್ತಿಗೆ ಬಿಟ್ಟೆ.

ಬಿಡಲು ಕಾರಣ ಅಡಿಕೆ. ಮಳೆ ನಿಂತು ಕೊಯ್ಲು ಶುರುವಾಯಿತು. ಹಗಲು ಅಡಿಕೆ ಗೊನೆ ಇಳಿಸುತ್ತಾರೆ, ಸಂಜೆಯಿಂದ ಸುಲಿಯುತ್ತಾರೆ. ಅಜ್ಜನ ಅಂಗಳದಲ್ಲಿ ಹದಿನೈದು ಜನ ಮೆಟ್ಟುಗತ್ತಿ ಕಾಲಡಿ ಇಟ್ಟುಕೊಂಡು ಸಾಲಾಗಿ ಕೂರುತ್ತಿದ್ದರು. ನಡುವೆ ಬಲ್ಬು, ಸುತ್ತ ಹಸಿ ಅಡಿಕೆ ರಾಶಿ. ಕೂಲಿ ಡಬ್ಬದ ಲೆಕ್ಕ. ಯಾರು ಎಷ್ಟು ಡಬ್ಬ ಸುಲಿದರು ಅಂತ ಬರೆಯುವವರು ಬೇಕು. ಅಜ್ಜನಿಗೆ ಕಣ್ಣು ಮಂಜು. ಪುಸ್ತಕ ನನ್ನ ಕೈಗೆ ಕೊಟ್ಟರು.

ಮೊದಲ ದಿನ ಸುಮ್ನೆ ಬರೆದೆ. ಎರಡನೇ ದಿನ ನಾನೂ ಸುಲಿಯಲು ಕೂತು ಹೆಬ್ಬೆರಳು ಕೊಯ್ದುಕೊಂಡೆ. ಎಲ್ಲರೂ ನಕ್ಕರು. ಒಬ್ಬ ಹೆಂಗಸು 'ಸಿಸ್ಟರ್ ಮನೇಲೇ ಇದಾರಲ್ಲ, ಎಂತ ಹೆದರಿಕೆ' ಅಂದಳು. ಅದೇ 'ಸಿಸ್ಟರ್' ಅನ್ನುವ ಮಾತು ಆವತ್ತು ಚುಚ್ಚಲಿಲ್ಲ. ವಾರದಲ್ಲಿ ಅವರ ಮನೆಯ ಸುದ್ದಿಯೆಲ್ಲ ನನಗೆ ಬಾಯಿಪಾಠ. ಯಾರ ತೋಟಕ್ಕೆ ಕೊಳೆ ರೋಗ ಬಂತು, ಯಾರ ಮಗ ಹತ್ತನೇ ಕ್ಲಾಸಿನ ಗಣಿತದಲ್ಲಿ ಹನ್ನೆರಡು ಅಂಕ ತೆಗೆದ. ಆ ಹನ್ನೆರಡು ಅಂಕದ ಹುಡುಗನೇ ನನ್ನ ಮೊದಲ ಟ್ಯೂಷನ್ ವಿದ್ಯಾರ್ಥಿ. ಅಜ್ಜನ ಜಗುಲಿಯಲ್ಲಿ ಈಗ ಸಂಜೆ ಹನ್ನೊಂದು ಮಕ್ಕಳು ಕೂರುತ್ತಾರೆ. ದುಡ್ಡು ಹೆಚ್ಚಿಲ್ಲ. ಕೆಲವರು ಬಾಳೆಗೊನೆ ಕೊಡುತ್ತಾರೆ, ಕೆಲವರು ಅಪ್ಪೆಮಿಡಿ ಉಪ್ಪಿನಕಾಯಿ. ಉಪ್ಪಿನಕಾಯಿಗೆ ನನ್ನ ತಕರಾರಿಲ್ಲ.

ಒಂದು ರಾತ್ರಿ ಸುಲಿತ ಮುಗಿದ ಮೇಲೆ ನಾನು ಅಜ್ಜನ ಹತ್ತಿರ ಊರಿನ ಗೋಳು ಹೇಳಿಕೊಂಡೆ. ಸ್ವಲ್ಪ ಜಾಸ್ತಿಯೇ ಹೇಳಿದೆ ಅನ್ನಿಸುತ್ತದೆ. ಅವರು ಎಲೆಗೆ ಸುಣ್ಣ ಸವರುತ್ತಾ ಹೇಳಿದರು: 'ನಮ್ಮನೆ ಶರಾವತಿ ಹೊಳೆ ಬದಿಗಿತ್ತು. ಲಿಂಗನಮಕ್ಕಿ ಕಟ್ಟಿದ್ರಲ್ಲ, ಆವಾಗ ಮುಳುಗ್ತು. ಲಾರಿ ಮೇಲೆ ಸಾಮಾನು, ಸಾಮಾನಿನ ಮೇಲೆ ನಾನು.' 1964ರಲ್ಲಿ ಅಣೆಕಟ್ಟು ಮುಗಿದಾಗ ಅವರು ಚಿಕ್ಕ ಹುಡುಗ. 'ಮತ್ತೆ ಹೋಗಿದ್ರಾ?' ಅಂದೆ. 'ಎಲ್ಲಿಗೆ ಹೋಗೋದು? ಬರಗಾಲ ಬಂದು ನೀರು ಇಳಿದ್ರೆ ಹೋಗಿ ನೋಡ್ತೀವಿ. ಒಂದು ಸಲ ಬಾವಿಕಟ್ಟೆ ಕಂಡಿತ್ತು.' ಆಮೇಲೆ ಬೇರೆ ಮಾತಿಗೆ ಹೋದರು, ನಾಳೆ ಎಷ್ಟು ಜನ ಬರುತ್ತಾರೆ ಅಂತ. ನನ್ನ ವಿಜಯಪುರ ಎಲ್ಲೂ ಮುಳುಗಿಲ್ಲ, ಒಂದು ರಾತ್ರಿಯ ಬಸ್ಸು ಅಷ್ಟೇ. ಆವತ್ತು ಮನೆಗೆ ಬಂದು ಹೆಂಡತಿಯ ಹತ್ತಿರ ಬಹಳ ಹೊತ್ತು ಮಾತಾಡಿದೆ.

ಹೊಸದಾಗಿ ಈ ಕಡೆ ಬರುವವರಿಗೆ ಒಂದು ಮಾತು. ಉಂಬಳಕ್ಕೆ ಹೆದರಬೇಡಿ, ಸ್ವಲ್ಪ ಸುಣ್ಣವೋ ಉಪ್ಪೋ ತಾಗಿಸಿದರೆ ಬಿಡುತ್ತದೆ. ಹೆದರಬೇಕಾದ್ದು ಉಣುಗಿಗೆ (ಉಣ್ಣೆ ಹುಳ), ಮಂಗನ ಕಾಯಿಲೆ ಹರಡುವುದು ಅದರಿಂದ. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದೇ ಇದೇ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಡಿಸೆಂಬರಿನಿಂದ ಮೇವರೆಗೆ ದರಗು (ಉದುರಿದ ಒಣ ಎಲೆ) ತರಲು, ಕಟ್ಟಿಗೆ ಆರಿಸಲು ಕಾಡಿಗೆ ಹೋಗುವಾಗ ಆಶಾ ಕಾರ್ಯಕರ್ತೆಯರು ಕೊಡುವ, ಉಣುಗು ಹತ್ತದ ಹಾಗೆ ತಡೆಯುವ ಡೇಪಾ ಎಣ್ಣೆ ಕೈಕಾಲಿಗೆ ಹಚ್ಚಿಕೊಳ್ಳಿ. ಮಂಗ ಸತ್ತು ಬಿದ್ದದ್ದು ಕಂಡರೆ ಹತ್ತಿರ ಹೋಗದೆ ಆಸ್ಪತ್ರೆಗೆ ಹೇಳಿ. ಇದನ್ನು ನಾನು ಸಿಸ್ಟರ್ ಮನೆಯವನಾಗಿಯೇ ಹೇಳುತ್ತಿದ್ದೇನೆ.

ರೊಟ್ಟಿ ವಿಷಯ ಇನ್ನೂ ಪೂರ್ತಿ ಬಗೆಹರಿದಿಲ್ಲ. ಅವ್ವ ಕಳಿಸುವ ಖಡಕ್ ರೊಟ್ಟಿ ಇಲ್ಲಿ ಎರಡು ದಿನಕ್ಕೆ ಹಳೇ ಬಟ್ಟೆಯ ಹಾಗೆ ಮೆತ್ತಗಾಗುತ್ತಿತ್ತು. ಹಿಟ್ಟು ಹಳತಾದರೆ ಜಿಗಿ ಹೋಗಿ, ಬಡಿಯುವಾಗ ಅಂಚು ಒಡೆಯುತ್ತದೆ. ಈಗ ಜೋಳವನ್ನೇ ತಂದು ಸ್ಟೀಲ್ ಡಬ್ಬದಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತೇನೆ, ಹತ್ತು ದಿನಕ್ಕೆ ಆಗುವಷ್ಟು ಮಾತ್ರ ಬೀಸಿಸುತ್ತೇನೆ. ಅಟ್ಟದ ಬಿಸಿಗೆ ನುಸಿ ಕಡಿಮೆ. ಅಜ್ಜನ ಮನೆಯವರಿಗೆ ಕೊಟ್ಟರೆ ಹಲ್ಲಿಲ್ಲದ ಅಜ್ಜ ತಂಬುಳಿಯಲ್ಲಿ ನೆನೆಸಿ ತಿನ್ನುತ್ತಾರೆ. ಒಂದೆಲಗದ ತಂಬುಳಿಗೆ ಜೋಳದ ರೊಟ್ಟಿ! ಊರಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ.

ಆಶ್ಲೇಷಾ ಮಳೆ ಮಾತ್ರ ನನ್ನ ಕೈಲಿ ಈಗಲೂ ಆಗುವುದಿಲ್ಲ. ಆಗಸ್ಟ್ ಬಂತೆಂದರೆ ತಲೆ ಭಾರ, ಯಾರ ಮೇಲಾದರೂ ರೇಗಬೇಕು ಅನ್ನಿಸುತ್ತದೆ. ಹೆಂಡತಿಗೆ ಇದು ಗೊತ್ತು. ಅವಳೇ ಬಸ್ ಟಿಕೆಟ್ ಮಾಡಿಸುತ್ತಾಳೆ. ಎಂಟು ದಿನ ವಿಜಯಪುರಕ್ಕೆ ಹೋಗಿ ಅಂಗಳದಲ್ಲಿ ಕೂತು ಬೆನ್ನಿಗೆ ಬಿಸಿಲು ಕಾಯಿಸಿಕೊಂಡು, ಹತ್ತು ಕೆಜಿ ಜೋಳ ಹೊತ್ತುಕೊಂಡು ವಾಪಸ್ ಬರುತ್ತೇನೆ. ಆ ಎಂಟು ದಿನ ಟ್ಯೂಷನ್ ಮಕ್ಕಳಿಗೆ ರಜೆ.